ಚಿತ್ರ ತೆರೆಯ ಮೇಲೆ, ಮಾಡಿದವರು ಬೀದಿಯಲ್ಲಿ

(ಕಾರ್ಮಿಕರ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣದ ಬರಹರೂಪ)



ಈ ವಾರ ಯಾವ ಯಾವ ಹೊಸ ಚಿತ್ರ ಬಂದಿದೆ ಎಂದು ಹೇಳುವುದಕ್ಕೆ ಭಾಷಣಕಾರ ಬೇಕಿಲ್ಲ. ಗೋಡೆಗೆ ಅಂಟಿಸಿದ ಪೋಸ್ಟರು ಹೇಳುತ್ತದೆ. ಪೋಸ್ಟರು ಬಿಟ್ಟದ್ದನ್ನು ನಿಮ್ಮ ಕೈಯಲ್ಲಿರುವ ಫೋನು ಹೇಳುತ್ತದೆ. ಆ ಪೋಸ್ಟರನ್ನು ಒಮ್ಮೆ ಹತ್ತಿರ ನಿಂತು ನೋಡಿ. ನಾಯಕನ ಮುಖ ಆಳೆತ್ತರ ಇರುತ್ತದೆ. ಕೆಳಗೆ, ಅಂಚಿನಲ್ಲಿ, ಇರುವೆ ಹರಿದಂತೆ ಸಣ್ಣ ಅಕ್ಷರದ ಸಾಲು ಇರುತ್ತದೆ. ಕಥೆ ಬರೆದವನು, ಹಾಡು ಕಟ್ಟಿದವನು, ಬಟ್ಟೆ ಹೊಲಿದವನು ಎಲ್ಲರೂ ಆ ಸಾಲಿನಲ್ಲಿದ್ದಾರೆ. ಗುಂಪಿನಲ್ಲಿ ನಿಂತು ಜಯಕಾರ ಹಾಕಿದವನ ಹೆಸರು ಅಲ್ಲಿಯೂ ಇಲ್ಲ. ಈ ಜನದ ಮಾತನ್ನು ಇವತ್ತು ಆಡಬೇಕೆಂದಿದ್ದೇನೆ. ಅದಕ್ಕಾಗಿ ಒಂದೇ ಒಂದು ವಾರವನ್ನು ಆರಿಸಿಕೊಂಡಿದ್ದೇನೆ: 2023ರ ಜುಲೈ 21ನೆಯ ತಾರೀಖು, ಶುಕ್ರವಾರ, ಅಲ್ಲಿಂದ ಮೊದಲಾದ ವಾರ.

ಬೊಂಬೆ ಮತ್ತು ಬಾಂಬು

ಆ ಶುಕ್ರವಾರ ಅಮೆರಿಕದ ಎರಡು ದೊಡ್ಡ ಚಿತ್ರಗಳು ಒಂದೇ ದಿನ ತೆರೆ ಕಂಡವು. ಒಂದು ‘ಬಾರ್ಬಿ’; ಮಕ್ಕಳಾಡುವ ಬೊಂಬೆಯನ್ನೇ ನಾಯಕಿಯಾಗಿ ಇಟ್ಟುಕೊಂಡು ಗ್ರೆಟಾ ಗೆರ್ವಿಗ್ ಎಂಬಾಕೆ ನಿರ್ದೇಶಿಸಿದ್ದು. ಇನ್ನೊಂದು ‘ಓಪನ್‌ಹೈಮರ್’, ಅಣುಬಾಂಬಿನ ತಯಾರಿಗೆ ಮುಂದಾಳಾಗಿದ್ದ ವಿಜ್ಞಾನಿಯ ಬಾಳನ್ನು ಕುರಿತು ಕ್ರಿಸ್ಟೊಫರ್ ನೋಲನ್ ಮಾಡಿದ ಮೂರು ತಾಸಿನ ಚಿತ್ರ. ಬೊಂಬೆಗೂ ಬಾಂಬಿಗೂ ಏನು ನಂಟು? ಆದರೂ ಜನ ಎರಡು ಹೆಸರನ್ನೂ ಕೂಡಿಸಿ ‘ಬಾರ್ಬೆನ್‌ಹೈಮರ್’ ಎಂದು ಕರೆದು, ಒಂದೇ ದಿನ ಎರಡಕ್ಕೂ ಟಿಕೀಟು ಕೊಂಡರು. ಶುಕ್ರ, ಶನಿ, ಭಾನು, ಈ ಮೂರೇ ದಿನಗಳಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ‘ಬಾರ್ಬಿ’ ಸುಮಾರು 16.2 ಕೋಟಿ ಡಾಲರನ್ನೂ, ‘ಓಪನ್‌ಹೈಮರ್’ ಸುಮಾರು 8.2 ಕೋಟಿ ಡಾಲರನ್ನೂ ಗಳಿಸಿದವು. ಕೊರೋನಾ ಕಾಲದಲ್ಲಿ ಬಾಗಿಲು ಹಾಕಿ ಕಂಗಾಲಾಗಿದ್ದ ಥಿಯೇಟರಿನವರಿಗೆ ಹಬ್ಬವೇ ಬಂದಂತಾಯಿತು.

ನಮ್ಮ ದೇಶಕ್ಕೂ ಎರಡೂ ಚಿತ್ರಗಳು ಅದೇ ಶುಕ್ರವಾರ ಬಂದವು. ಇಲ್ಲಿ ಲೆಕ್ಕ ತಿರುಗುಮುರುಗಾಯಿತು. ಬೊಂಬೆಗಿಂತ ಬಾಂಬೇ ಹೆಚ್ಚು ಗಳಿಸಿತು. ಅದೇ ದಿನ ಕನ್ನಡದಲ್ಲಿ ಹೊಸಬರ ತಂಡವೊಂದು ಮಾಡಿದ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಬಿಡುಗಡೆಯಾಗಿ, ಆ ಎರಡು ಆನೆಗಳ ನಡುವೆಯೂ ತನ್ನ ಜಾಗ ಹಿಡಿಯಿತು. ‘ಓಪನ್‌ಹೈಮರ್’ ಚಿತ್ರದ ಒಂದು ದೃಶ್ಯದಲ್ಲಿ ಭಗವದ್ಗೀತೆಯನ್ನು ತಂದ ರೀತಿ ಸರಿಯೋ ತಪ್ಪೋ ಎಂದು ನಮ್ಮಲ್ಲಿ ದೊಡ್ಡ ಚರ್ಚೆ ನಡೆಯಿತು. ಆ ಚರ್ಚೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಆ ಗದ್ದಲದಲ್ಲಿ ಇನ್ನೊಂದು ಸುದ್ದಿ ಮೂಲೆಗೆ ಬಿತ್ತು. ಅದೇನೆಂದರೆ, ಆ ಚಿತ್ರಗಳ ಗಲ್ಲಾಪೆಟ್ಟಿಗೆ ತುಂಬಿದ ದಿನವೇ ಹಾಲಿವುಡ್ಡಿನ ಬರಹಗಾರರ ಸಂಘ ಮತ್ತು ನಟರ ಸಂಘ ಎರಡೂ ಮುಷ್ಕರದಲ್ಲಿದ್ದವು. ಚಿತ್ರದ ಕೆಲಸಗಾರರು ಸ್ಟುಡಿಯೋ ಗೇಟುಗಳ ಮುಂದೆ ಫಲಕ ಹಿಡಿದು ಬಿಸಿಲಿನಲ್ಲಿ ನಡೆಯುತ್ತಿದ್ದರು.

ಬೀದಿಗೆ ಬಂದವರು ಯಾರು?

ಬರಹಗಾರರು ಸುಮಾರು 11,500 ಮಂದಿ. ಅವರು 2023ರ ಮೇ 2ರಿಂದಲೇ ಲೇಖನಿ ಕೆಳಗಿಟ್ಟಿದ್ದರು. ಜುಲೈ 14ರಂದು ನಟರ ಸಂಘ ಅವರ ಜೊತೆ ಸೇರಿತು. ಅದರ ಸದಸ್ಯರು ಸುಮಾರು 1,60,000. ಅದರ ಹಿಂದಿನ ಸಂಜೆ ಲಂಡನ್ನಿನಲ್ಲಿ ‘ಓಪನ್‌ಹೈಮರ್’ ಚಿತ್ರದ ವಿಶೇಷ ಪ್ರದರ್ಶನವಿತ್ತು. ನಟರು ಬಂದು ಛಾಯಾಚಿತ್ರಕ್ಕೆ ನಿಂತರು. ಚಿತ್ರ ಶುರುವಾಗುವ ಮೊದಲೇ ಎದ್ದು ಹೊರಟರು. ಅವರು ಮುಷ್ಕರದ ಫಲಕ ಬರೆಯಲು ಹೋಗಿದ್ದಾರೆ ಎಂದು ನಿರ್ದೇಶಕ ನೋಲನ್ ಅವರೇ ಸಭಿಕರಿಗೆ ತಿಳಿಸಿದರು. ಈ ಎರಡು ಸಂಘಗಳು ಒಟ್ಟಿಗೆ ಕೆಲಸ ನಿಲ್ಲಿಸಿದ್ದು 1960ರ ಬಳಿಕ ಅದೇ ಮೊದಲು.

ಇಷ್ಟು ಹೇಳುತ್ತಲೇ ನಿಮ್ಮಲ್ಲಿ ಕೆಲವರ ಮುಖದಲ್ಲಿ ನಗು ಕಾಣುತ್ತಿದೆ. “ಒಂದೊಂದು ಚಿತ್ರಕ್ಕೆ ಕೋಟಿ ಕೋಟಿ ಎಣಿಸುವವರು. ಅವರದೂ ಒಂದು ಮುಷ್ಕರವೇ? ಅವರ ಮನೆಯಲ್ಲಿ ಒಲೆ ಉರಿಯದೆ ಹೋಗುತ್ತದೆಯೇ?” ಈ ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೇಳಿ.

ಆ ಸಂಘದಲ್ಲಿ ಪೋಸ್ಟರಿನಲ್ಲಿ ಮುಖ ಕಾಣುವವರು ಬೆರಳೆಣಿಕೆಯಷ್ಟು. ಉಳಿದವರು ಒಂದು ದಿನ ಪೋಲೀಸಿನವನಾಗಿ, ಇನ್ನೊಂದು ದಿನ ಹೋಟೆಲು ಮಾಣಿಯಾಗಿ ಎರಡು ಮಾತು ಆಡಿ ಹೋಗುವವರು. ಇಲ್ಲವೆ ಮಾತೇ ಇಲ್ಲದೆ ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾಗಳು. ನಮ್ಮ ಗಿರಣಿ ಭಾಷೆಯಲ್ಲಿ ಹೇಳುವುದಾದರೆ ಬದಲಿ ಕೆಲಸಗಾರರು. ಗೇಟಿಗೆ ಬಂದು ನಿಲ್ಲಬೇಕು, ಕರೆದರೆ ಕೂಲಿ, ಕರೆಯದಿದ್ದರೆ ಇಲ್ಲ. 2023ರಲ್ಲಿ ಅವರ ಸಂಘದ ಆರೋಗ್ಯ ವಿಮೆ ಸಿಗಬೇಕಾದರೆ ವರ್ಷಕ್ಕೆ 26,470 ಡಾಲರಾದರೂ ನಟನೆಯಿಂದ ಗಳಿಸಬೇಕಾಗಿತ್ತು. ಸಂಘದ ಲೆಕ್ಕದ ಪ್ರಕಾರ 100ಕ್ಕೆ 86 ಮಂದಿ ಅಷ್ಟನ್ನು ಮುಟ್ಟುತ್ತಲೇ ಇರಲಿಲ್ಲ. ನಮ್ಮ ಇ.ಎಸ್.ಐ. ಸೌಲಭ್ಯಕ್ಕೆ ಸಂಬಳದ ಮೇಲ್ಮಿತಿ ಇದೆ, 2017ರಲ್ಲಿ ಅದನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. ಹೆಚ್ಚು ಗಳಿಸಿದವನು ಹೊರಗೆ. ಅಲ್ಲಿಯ ನಟನಿಗೆ ಇರುವುದು ಕೆಳಮಿತಿ. ಕಡಿಮೆ ಗಳಿಸಿದವನೇ ಹೊರಗೆ. ಡಾಲರನ್ನು ರೂಪಾಯಿ ಮಾಡಿ ನೋಡಿದರೆ ಮೊತ್ತ ದೊಡ್ಡದಾಗಿ ಕಾಣುತ್ತದೆ. ಆದರೆ ಮನೆ ಬಾಡಿಗೆಯನ್ನೂ ಆಸ್ಪತ್ರೆಯ ಬಿಲ್ಲನ್ನೂ ಅವರು ಲಾಸ್ ಏಂಜಲೀಸಿನ ದರದಲ್ಲಿಯೇ ತೆರಬೇಕು.

ಇನ್ನು ಮಾಲೀಕರ ಮಾತು. ಡಿಸ್ನಿ ಕಂಪನಿಯ ಆಗಿನ ಮುಖ್ಯಾಧಿಕಾರಿ ಬಾಬ್ ಐಗರ್ ಜುಲೈ 13ರಂದು ಟೆಲಿವಿಷನ್ನಿನಲ್ಲಿ ಮಾತನಾಡುತ್ತ, ಈ ಸಂಘಗಳ ನಿರೀಕ್ಷೆ ವಾಸ್ತವಕ್ಕೆ ದೂರವಾದದ್ದು ಎಂದರು. ಕೋಟಿಗಳಲ್ಲಿ ಎಣಿಸುವ ಡಾಲರ್ ವರಮಾನದ ಅವರ ಹುದ್ದೆಯನ್ನು ಕಂಪನಿ 2026ರವರೆಗೆ ಮುಂದುವರಿಸಿ ಒಂದೇ ದಿನ ಆಗಿತ್ತು.

ಹರಿಯದ ಬಟ್ಟೆ

ಈಗ ಜಗಳದ ತಿರುಳಿಗೆ ಬರೋಣ. ನೀವು ನೇಯ್ದ ಬಟ್ಟೆ ಒಮ್ಮೆ ಮಾರಾಟವಾಗುತ್ತದೆ. ಕೊಂಡವನು ಉಡುತ್ತಾನೆ, ಒಗೆಯುತ್ತಾನೆ, ಹರಿಯುತ್ತಾನೆ. ಮತ್ತೆ ಬಟ್ಟೆ ಬೇಕೆಂದರೆ ಮತ್ತೆ ಮಗ್ಗ ಓಡಬೇಕು, ಮಾಲೀಕನಿಗೆ ಮತ್ತೆ ನಿಮ್ಮ ಕೈ ಬೇಕು. ಕಾರ್ಮಿಕನ ಬಲವೆಲ್ಲ ಈ ‘ಮತ್ತೆ’ ಎಂಬ ಮಾತಿನಲ್ಲಿದೆ.

ಚಿತ್ರ ಹಾಗಲ್ಲ. ಅದು ಹರಿಯದ ಬಟ್ಟೆ. ಒಮ್ಮೆ ತಯಾರಾದರೆ ಥಿಯೇಟರಿನಲ್ಲಿ ಮಾರುತ್ತಾರೆ, ಟೆಲಿವಿಷನ್ನಿಗೆ ಮಾರುತ್ತಾರೆ, ಒಟಿಟಿಗೆ ಮಾರುತ್ತಾರೆ, ಬೇರೆ ದೇಶಕ್ಕೆ ಮಾರುತ್ತಾರೆ. 30 ವರ್ಷದ ಹಿಂದೆ ಒಂದು ದಿನದ ಕೂಲಿ ಪಡೆದು ನಟಿಸಿದವನು ಇವತ್ತಿಗೂ ತೆರೆಯ ಮೇಲೆ ದುಡಿಯುತ್ತಲೇ ಇದ್ದಾನೆ. ಕೂಲಿ ಮಾತ್ರ ಅಂದೇ ಮುಗಿದಿದೆ. ಅದಕ್ಕಿಂತ ಕೆಟ್ಟದ್ದೆಂದರೆ, ಅವನ ಹಳೆಯ ಚಿತ್ರವೇ ಅವನ ಹೊಸ ಕೆಲಸಕ್ಕೆ ಅಡ್ಡ ಬರುತ್ತದೆ. ಹಳೆಯದನ್ನೇ ಮತ್ತೆ ಮತ್ತೆ ತೋರಿಸಬಹುದಾದರೆ ಹೊಸದನ್ನು ಯಾಕೆ ಮಾಡಿಸಬೇಕು?

1960ರಲ್ಲಿ ಜಗಳ ಹುಟ್ಟಿದ್ದೇ ಇಲ್ಲಿ. ಸ್ಟುಡಿಯೋಗಳು ತಮ್ಮ ಚಿತ್ರಗಳನ್ನು ಟೆಲಿವಿಷನ್ನಿಗೆ ಮಾರಿ ಹಣ ಮಾಡತೊಡಗಿದ್ದವು. ನಟರು ಪಾಲು ಕೇಳಿದರು. ಮಾರ್ಚ್ 7ರಿಂದ ಏಪ್ರಿಲ್ 18ರವರೆಗೆ ಮುಷ್ಕರ ನಡೆಯಿತು. 1960ರಿಂದ ಮುಂದೆ ತಯಾರಾದ ಚಿತ್ರಗಳನ್ನು ಟೆಲಿವಿಷನ್ನಿನಲ್ಲಿ ತೋರಿಸಿದರೆ ನಟರಿಗೆ ಪಾಲು ಕೊಡಬೇಕೆಂದು ಆಯಿತು. ಹಿಂದಿನ ಚಿತ್ರಗಳಿಗೆ ಪಾಲಿಲ್ಲ. ಅದರ ಬದಲು ಪಿಂಚಣಿ ಮತ್ತು ಆರೋಗ್ಯ ನಿಧಿಗೆಂದು ಒಂದು ಇಡಿಗಂಟು ಬಂತು. ಆ ಮುಷ್ಕರವನ್ನು ನಡೆಸಿದ ಸಂಘದ ಅಧ್ಯಕ್ಷ ಯಾರೆಂದುಕೊಂಡಿರಿ? ರೊನಾಲ್ಡ್ ರೇಗನ್. 1981ರಲ್ಲಿ ಅಮೆರಿಕದ ಅಧ್ಯಕ್ಷನಾಗಿ, ಮುಷ್ಕರ ಹೂಡಿದ ವಿಮಾನ ಸಂಚಾರ ನಿಯಂತ್ರಕರಲ್ಲಿ 11,000ಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ಕಿತ್ತುಹಾಕಿದವನೂ ಅವನೇ. ಮನುಷ್ಯ ಬದಲಾಗಬಹುದು, ಆದರೆ ಕಾಗದದ ಮೇಲೆ ಗೆದ್ದ ಹಕ್ಕು ಉಳಿಯಿತು.

ಉಳಿದ ಆ ಹಕ್ಕನ್ನು ಒಟಿಟಿ ಸವೆಸಿತು. ಟೆಲಿವಿಷನ್ನಿನಲ್ಲಿ ಒಂದು ಚಿತ್ರವನ್ನು ಎಷ್ಟು ಸಲ ಹಾಕಿದರು ಎಂಬುದು ಊರಿಗೆಲ್ಲ ಕಾಣುತ್ತಿತ್ತು. ಹಾಕಿದಷ್ಟು ಸಲ ಪಾಲು. ಒಟಿಟಿಯಲ್ಲಿ ನೋಡುವವರು ತಮ್ಮ ತಮ್ಮ ಮನೆಯಲ್ಲಿ, ತಮ್ಮ ತಮ್ಮ ಹೊತ್ತಿಗೆ ನೋಡುತ್ತಾರೆ. ಎಷ್ಟು ಜನ ನೋಡಿದರು ಎಂಬ ಲೆಕ್ಕ ಕಂಪನಿಯ ಬಳಿ ಮಾತ್ರ. ಇಲ್ಲಿ ಕುಳಿತಿರುವ ಅಂಗಡಿಯವರು ಹೇಳಲಿ: ಇಬ್ಬರು ಪಾಲುದಾರರು ಸೇರಿ ಅಂಗಡಿ ಇಟ್ಟಿದ್ದಾರೆ, ಖಾತೆ ಪುಸ್ತಕವನ್ನು ಒಬ್ಬನೇ ತನ್ನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದಾನೆ, ವರ್ಷದ ಕೊನೆಗೆ “ನಿನ್ನ ಪಾಲು ಇಷ್ಟೇ” ಎನ್ನುತ್ತಾನೆ. ಇದನ್ನು ಪಾಲುದಾರಿಕೆ ಎನ್ನುತ್ತೀರಾ? ಹೆಸರು ಮಾಡಿದ ಧಾರಾವಾಹಿಗಳಲ್ಲಿ ನಟಿಸಿದವರು ತಮಗೆ ಬಂದ ಕೆಲವೇ ಸೆಂಟುಗಳ ಚೆಕ್ಕುಗಳನ್ನು 2023ರಲ್ಲಿ ಜನರ ಮುಂದೆ ಹಿಡಿದು ತೋರಿಸಿದರು.

ಮುಖವನ್ನು ಬರೆದುಕೊಡುವುದು

ಇದರ ಮೇಲೆ ಇನ್ನೊಂದು ಬಂತು: ಎಐ, ಅಂದರೆ ಕೃತಕ ಬುದ್ಧಿಯ ಯಂತ್ರ. ಒಬ್ಬ ನಟನನ್ನು ಸುತ್ತಲಿಂದ ಕ್ಯಾಮೆರಾದಲ್ಲಿ ಹಿಡಿದುಕೊಂಡರೆ, ಆಮೇಲೆ ಅವನಿಲ್ಲದೆಯೇ ಅವನ ರೂಪವನ್ನು ನಡೆಸಬಹುದು, ನುಡಿಸಬಹುದು, ಗುಂಪಿನಲ್ಲಿ ನಿಲ್ಲಿಸಬಹುದು. ಎಕ್ಸ್‌ಟ್ರಾ ನಟನಿಗೆ ಒಂದು ದಿನದ ಕೂಲಿ ಕೊಟ್ಟು ಅವನ ರೂಪವನ್ನು ಶಾಶ್ವತವಾಗಿ ಬಳಸಿಕೊಳ್ಳುವ ಸಲಹೆಯನ್ನು ಕಂಪನಿಗಳು ಸಂಧಾನದಲ್ಲಿ ಮುಂದಿಟ್ಟವು ಎಂದು ನಟರ ಸಂಘ ಬಹಿರಂಗವಾಗಿ ಹೇಳಿತು. ನಾವು ಹಾಗೆ ಹೇಳಿಲ್ಲ, ಆ ಚಿತ್ರಕ್ಕೆ ಮಾತ್ರ ಬಳಸುವ ಮಾತು ಅದು, ಎಂದು ಕಂಪನಿಗಳ ಒಕ್ಕೂಟ ಉತ್ತರ ಕೊಟ್ಟಿತು. ಯಾರ ಮಾತು ಸರಿ ಎಂಬುದಕ್ಕಿಂತ, ಈ ಮಾತು ಸಂಧಾನದ ಮೇಜಿಗೆ ಬಂತಲ್ಲ, ಅದನ್ನು ಯೋಚಿಸಿ. ಮಗ್ಗ ಬಂದಾಗ ನೇಕಾರನ ಕೈಚಳಕವನ್ನು ಯಂತ್ರ ತೆಗೆದುಕೊಂಡಿತು. ಆದರೆ ಮುಖವನ್ನು ಅವನಿಗೇ ಬಿಟ್ಟಿತ್ತು.

ಇದು ದೂರದ ಊರಿನ ಸುದ್ದಿ ಎನ್ನಬೇಡಿ. ಅದೇ ವಾರ ಬಿಡುಗಡೆಯಾದ ನಮ್ಮ ‘ಹಾಸ್ಟೆಲ್ ಹುಡುಗರು’ ಚಿತ್ರಕ್ಕೂ ಮುಖದ ತಕರಾರು ಬಂದಿತ್ತು. ತಮ್ಮ ದೃಶ್ಯಗಳನ್ನು ಒಪ್ಪಿಗೆ ಇಲ್ಲದೆ ಬಳಸಿದ್ದಾರೆಂದು ಹೆಸರಾಂತ ನಟಿಯೊಬ್ಬರು ವಕೀಲರ ನೋಟೀಸು ಕೊಟ್ಟರು. ತಯಾರಕರು ಅದನ್ನು ಒಪ್ಪಲಿಲ್ಲ. ಚಿತ್ರ ಗೊತ್ತಾದ ದಿನವೇ ತೆರೆ ಕಂಡಿತು. ಅಲ್ಲಿ ಯಂತ್ರವಿರಲಿಲ್ಲ, ನಿಜವಾಗಿ ನಟಿಸಿದ ದೃಶ್ಯಗಳೇ ಇದ್ದವು. ಆದರೂ ಪ್ರಶ್ನೆ ಒಂದೇ: ಒಬ್ಬರ ಮುಖ ಎಲ್ಲೆಲ್ಲಿ ಕಾಣಬೇಕೆಂದು ತೀರ್ಮಾನಿಸುವವರು ಯಾರು? ಹೆಸರಾಂತ ನಟಿಗೆ ವಕೀಲರಿದ್ದಾರೆ. ಗುಂಪಿನಲ್ಲಿ ನಿಂತವನಿಗೆ ಸಂಘವಲ್ಲದೆ ಯಾರಿದ್ದಾರೆ?

ನೆರಳು ಮತ್ತು ಉದ್ರಿ

ಮುಷ್ಕರದ ಕಷ್ಟವನ್ನು ಮುಚ್ಚಿಟ್ಟು ಮಾತನಾಡುವುದು ತಪ್ಪಾಗುತ್ತದೆ. ಜುಲೈ ತಿಂಗಳೆಂದರೆ ಲಾಸ್ ಏಂಜಲೀಸಿನಲ್ಲಿ ಸುಡುಬಿಸಿಲು. ‘ಓಪನ್‌ಹೈಮರ್’ ಚಿತ್ರವನ್ನು ಹೊರತಂದ ಯೂನಿವರ್ಸಲ್ ಸ್ಟುಡಿಯೋದ ಹೊರಗೆ, ಮುಷ್ಕರಗಾರರು ನಡೆಯುವ ಕಾಲುದಾರಿಯ ಉದ್ದಕ್ಕೂ ನಮ್ಮ ಆಲ, ಅತ್ತಿಯ ಜಾತಿಗೆ ಸೇರಿದ ಮರಗಳ ಸಾಲಿತ್ತು. ಚಿತ್ರ ಬಿಡುಗಡೆಯಾದ ವಾರವೇ ಆ ಮರಗಳ ಕೊಂಬೆಗಳನ್ನು ಬೋಳುಬೋಳಾಗಿ ಸವರಿದ್ದು ಕಂಡುಬಂತು, ನೆರಳು ಹೋಯಿತು. ಇದು ವರ್ಷವರ್ಷವೂ ಮಾಡುವ ಕೆಲಸ, ಯಾರಿಗೂ ತೊಂದರೆ ಕೊಡುವ ಉದ್ದೇಶವಿರಲಿಲ್ಲ ಎಂದು ಕಂಪನಿ ಹೇಳಿತು. ಅದಕ್ಕೆ ಪರವಾನಗಿಯನ್ನೇ ಕೊಟ್ಟಿರಲಿಲ್ಲವೆಂದು ನಗರದ ಲೆಕ್ಕಪತ್ರಾಧಿಕಾರಿ ಹೇಳಿದರು. ಕೊನೆಗೆ ಬಿದ್ದ ದಂಡ 250 ಡಾಲರ್.

ಬಿಸಿಲು ಮುಷ್ಕರಗಾರರ ಮೇಲೆ ಮಾತ್ರ ಬೀಳಲಿಲ್ಲ. ಎರಡು ಕೋಣ ಕಾದಾಡಿದರೆ ನಡುವಿನ ಗಿಡಕ್ಕೆ ಸಾವು. ಸ್ಟುಡಿಯೋಗಳನ್ನೇ ನಂಬಿಕೊಂಡ ಊಟದ ಅಂಗಡಿಗಳು, ಇಸ್ತ್ರಿ ಅಂಗಡಿಗಳು, ಹೂವಿನವರು, ಸೆಟ್ಟಿನ ಸಾಮಾನು ಬಾಡಿಗೆಗೆ ಕೊಡುವವರು ವ್ಯಾಪಾರವಿಲ್ಲದೆ ನೊಣ ಹೊಡೆಯುತ್ತ ಕುಳಿತರು. ಬಡಗಿಗಳು, ದೀಪದವರು, ಡ್ರೈವರುಗಳು ತಮ್ಮದಲ್ಲದ ಮುಷ್ಕರದಲ್ಲಿ ಕೂಲಿ ಕಳೆದುಕೊಂಡರು. ನವೆಂಬರಿನಲ್ಲಿ ಬರಬೇಕಾಗಿದ್ದ ‘ಡ್ಯೂನ್’ ಎರಡನೆಯ ಭಾಗ 2024ರ ಮಾರ್ಚಿಗೆ ಹೋಯಿತು. ಅದನ್ನು ನಂಬಿದ್ದ ಥಿಯೇಟರಿನವರಿಗೆ ಹಬ್ಬದ ಕಾಲದಲ್ಲಿ ಒಂದು ದೊಡ್ಡ ಚಿತ್ರ ಕಡಿಮೆಯಾಯಿತು.

ಈ ಸಭೆಯಲ್ಲಿರುವ ಪುಡಿ ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಿರಣಿ ನಿಂತರೆ ಮೊದಲು ಕಾರ್ಮಿಕನ ಮನೆಯ ಒಲೆ ಆರುತ್ತದೆ. ಹದಿನೈದು ದಿನಕ್ಕೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತುಂಬುತ್ತದೆ. ಉದ್ರಿ ನಿಲ್ಲಿಸಿದರೆ ಮುಷ್ಕರ ಮುರಿಯುತ್ತದೆ, ಕೊಟ್ಟರೆ ಅಂಗಡಿ ಮುಳುಗಬಹುದು. ಇದಕ್ಕೆ ಅಲ್ಲಿ ಒಬ್ಬ ಮನುಷ್ಯ ಕಂಡುಕೊಂಡ ದಾರಿಯನ್ನು ಹೇಳುತ್ತೇನೆ. ಡ್ರೂ ಕ್ಯಾರಿ ಎಂಬ ಹಾಸ್ಯನಟರು, ಮುಷ್ಕರದಲ್ಲಿರುವ ಬರಹಗಾರರು ಸಂಘದ ಚೀಟಿ ತೋರಿಸಿ ಇಂಥ ಎರಡು ಹೋಟೆಲುಗಳಲ್ಲಿ ಉಣ್ಣಬಹುದು, ಬಿಲ್ಲು ನನ್ನದು ಎಂದು ಹೇಳಿ, ಮುಷ್ಕರ ಮುಗಿಯುವವರೆಗೂ ಕೊಟ್ಟರು. ಹಸಿದವನಿಗೂ ಊಟವಾಯಿತು, ಹೋಟೆಲಿನವನಿಗೂ ವ್ಯಾಪಾರವಾಯಿತು. ಮುಷ್ಕರ ನಿಧಿಯ ಹಣವನ್ನು ಪಕ್ಕದ ಅಂಗಡಿಯಲ್ಲಿಯೇ ಖರ್ಚು ಮಾಡಿಸುವ ಯೋಚನೆಯನ್ನು ಯಾವ ಸಂಘವೂ ಮಾಡಬಹುದು.

ಸಿಕ್ಕಿದ್ದೇನು?

ಬರಹಗಾರರ ಮುಷ್ಕರ 148 ದಿನ ನಡೆದು ಸೆಪ್ಟೆಂಬರ್ 27ರಂದು ನಿಂತಿತು. ನಟರದು 118 ದಿನ ನಡೆದು ನವೆಂಬರ್ 9ರಂದು ಮುಗಿಯಿತು. ಒಟಿಟಿ ಕಂಪನಿಗಳು ಬೀಗ ಹಾಕಿದ್ದ ಲೆಕ್ಕದ ಪೆಟ್ಟಿಗೆಯ ಮುಚ್ಚಳವನ್ನು ಸ್ವಲ್ಪ ತೆರೆದವು; ನೋಡಿದ ತಾಸುಗಳ ಲೆಕ್ಕವನ್ನು ಬರಹಗಾರರ ಸಂಘಕ್ಕೆ ಗುಟ್ಟಾಗಿ ಕೊಡಲು ಒಪ್ಪಿದವು. ಒಟಿಟಿಗಾಗಿಯೇ ಮಾಡಿದ ಚಿತ್ರ ಅಥವಾ ಧಾರಾವಾಹಿಯನ್ನು ಮೊದಲ 90 ದಿನಗಳಲ್ಲಿ ದೇಶದೊಳಗಿನ ಚಂದಾದಾರರ ಶೇಕಡ 20ಕ್ಕೆ ಸಮನಾದಷ್ಟು ಮಂದಿ ನೋಡಿದರೆ ಬರೆದವರಿಗೆ ಹೆಚ್ಚಿನ ಹಣ ಎಂದಾಯಿತು. ಯಂತ್ರ ಬರೆದದ್ದನ್ನು ಬರಹವೆಂದು ಎಣಿಸಕೂಡದು, ಯಂತ್ರವನ್ನು ಬಳಸೆಂದು ಬರಹಗಾರನನ್ನು ಬಲವಂತ ಮಾಡಕೂಡದು ಎಂದಾಯಿತು. ನಟನ ರೂಪವನ್ನು ಯಂತ್ರದಲ್ಲಿ ಮಾಡಿ ಬಳಸಬೇಕಾದರೆ ಒಪ್ಪಿಗೆ ಬೇಕು, ಹಣ ಕೊಡಬೇಕು ಎಂದಾಯಿತು. ಸಂಬಳದಲ್ಲಿ ಮೊದಲ ಏರಿಕೆ ಸಾಮಾನ್ಯವಾಗಿ ಶೇಕಡ 7. ಗುಂಪಿನಲ್ಲಿ ನಿಲ್ಲುವವರಿಗೆ ಶೇಕಡ 11. ಕೆಳಗಿನವನಿಗೆ ಹೆಚ್ಚು ಏರಿಸಿದ ಈ ಒಂದು ಅಂಕಿಗಾಗಿಯೇ ಆ ಸಂಘವನ್ನು ನಾನು ಮೆಚ್ಚುತ್ತೇನೆ.

ಎಲ್ಲವೂ ಸಿಗಲಿಲ್ಲ. ನಟರ ಸಂಘದಲ್ಲಿ ಮತ ಹಾಕಿದವರಲ್ಲಿ ಶೇಕಡ 78 ಮಂದಿ ಒಪ್ಪಂದವನ್ನು ಒಪ್ಪಿದರು. ಉಳಿದವರು ಒಪ್ಪಲಿಲ್ಲ, ಯಂತ್ರದ ವಿಷಯದಲ್ಲಿ ಬೇಲಿ ಸಾಲದೆಂದರು. ವಿಡಿಯೊ ಗೇಮುಗಳಿಗೆ ದನಿ ಮತ್ತು ಚಲನೆ ಕೊಡುವ ಕಲಾವಿದರು ಇದೇ ಎಐ ಪ್ರಶ್ನೆಗಾಗಿ 2024ರ ಜುಲೈ 26ರಿಂದ ಮತ್ತೆ ಮುಷ್ಕರಕ್ಕೆ ಇಳಿಯಬೇಕಾಯಿತು. ಮುಷ್ಕರ ಮುಗಿದ ಮೇಲೂ ಲಾಸ್ ಏಂಜಲೀಸಿನಲ್ಲಿ ಚಿತ್ರೀಕರಣದ ಕೆಲಸ 2024ರಲ್ಲಿ ಹಿಂದಿನ ಮಟ್ಟಕ್ಕೆ ಬರಲಿಲ್ಲ. 2023ರ ಒಪ್ಪಂದಗಳು 2026ರವರೆಗೆಂದು ಬರೆದವು. ಒಪ್ಪಂದಕ್ಕೆ ಅವಧಿ ಇದೆ, ಸಂಘಕ್ಕೆ ಅವಧಿ ಇರಕೂಡದು.

ದತ್ತಿ ಬೇರೆ, ಪಾಲು ಬೇರೆ

ಕೊನೆಯದಾಗಿ ನಮ್ಮ ಮನೆಯ ಮಾತು. ನಮ್ಮ ದೇಶದಲ್ಲಿಯೂ ಈ ಪಾಲಿನ ಹಕ್ಕು ಅರ್ಧ ಬಾಗಿಲು ತೆರೆದು ನಿಂತಿದೆ. 2012ರಲ್ಲಿ ಸಂಸತ್ತು ಕೃತಿಸ್ವಾಮ್ಯ ಕಾಯಿದೆಯನ್ನು ತಿದ್ದಿತು. ಚಿತ್ರಕ್ಕಾಗಿ ಬರೆದವರು, ಸಂಗೀತ ಕಟ್ಟಿದವರು ಥಿಯೇಟರಿನ ಹೊರಗಿನ ಬಳಕೆಗೆ ಬರುವ ಗೌರವಧನದ ಪಾಲನ್ನು ನಿರ್ಮಾಪಕನಿಗೆ ಬರೆದುಕೊಡುವ ಹಾಗೇ ಇಲ್ಲ, ಬರೆದುಕೊಟ್ಟರೂ ಅದು ನಡೆಯುವುದಿಲ್ಲ, ಎಂದು ಆ ತಿದ್ದುಪಡಿ ಹೇಳಿತು. ರಾಜ್ಯಸಭೆಯ ಒಳಗೂ ಹೊರಗೂ ಇದಕ್ಕಾಗಿ ವಾದಿಸಿದವರು ಕವಿ ಜಾವೇದ್ ಅಖ್ತರ್. ಹಕ್ಕನ್ನು ಬಿಟ್ಟುಕೊಡಲು ಬಾರದಂತೆ ಮಾಡಿದ್ದೇಕೆ? ಹಸಿದವನಿಂದ ಸಹಿ ಹಾಕಿಸಿಕೊಳ್ಳುವುದು ಸುಲಭ ಎಂದು ತಿಳಿದವರು ಮಾಡಿದ ಕಾಯಿದೆ ಅದು.

ನಮ್ಮ ರಾಜ್ಯದಲ್ಲಿ 2024ರಲ್ಲಿ ವಿಧಾನಮಂಡಲವು ಸಿನಿಮಾ ಮತ್ತು ಸಾಂಸ್ಕೃತಿಕ ಕೆಲಸಗಾರರ ಕ್ಷೇಮಾಭಿವೃದ್ಧಿಗೆಂದು ಕಾಯಿದೆ ಮಾಡಿತು. ಟಿಕೀಟಿನ ಮೇಲೆ, ಒಟಿಟಿ ಚಂದಾದ ಮೇಲೆ ಶೇಕಡ 1ಕ್ಕೆ ಕಡಿಮೆಯಿಲ್ಲದೆ, 2ಕ್ಕೆ ಮೀರದೆ ಸೆಸ್ಸು ಎತ್ತಿ, ಅವರ ಕ್ಷೇಮ ನಿಧಿಗೆ ಹಾಕುವುದು ಅದರ ಏರ್ಪಾಟು. ಒಳ್ಳೆಯದು. ಬಿದ್ದು ಕಾಲು ಮುರಿದುಕೊಂಡ ಲೈಟ್ ಬಾಯ್‌ಗೆ, ಮುಪ್ಪಿನ ಕಾಲದ ಪೋಷಕ ನಟಿಗೆ ಅಷ್ಟಾದರೂ ಆಸರೆ ಬೇಕು. ಟಿಕೀಟು ಕೊಳ್ಳುವ ನಾವು ನೂರಕ್ಕೆ ಎರಡು ರೂಪಾಯಿ ಕೊಡಲು ಗೊಣಗಬಾರದು. ಆದರೆ ಈ ಹಣ ಬರುವುದು ನೋಡುವವನ ಜೇಬಿನಿಂದ. ಚಿತ್ರವನ್ನು ಹತ್ತು ಸಲ ಮಾರಿ ಹಣ ಮಾಡಿದವನ ಪೆಟ್ಟಿಗೆಯಿಂದ, ಮಾಡಿದವರಿಗೆ, ಒಪ್ಪಂದದ ಪ್ರಕಾರ ಬರಬೇಕಾದ ಪಾಲು ಬೇರೆಯೇ ಒಂದು ಮಾತು. ಮೊದಲನೆಯದಕ್ಕೆ ಅರ್ಜಿ ಹಾಕಿ ಕಾಯಬೇಕು. ಎರಡನೆಯದನ್ನು ಲೆಕ್ಕ ಕೇಳಿ ಪಡೆಯಬಹುದು.

ಗಿರಣಿಯಲ್ಲಿ ದುಡಿಯುವ ನಿಮಗೂ ಈ ಮಾತು ಹೊರತಲ್ಲ. ನಿಮ್ಮ ಕೆಲಸವನ್ನು ಕ್ಯಾಮೆರಾದಿಂದ ಅಳೆಯುವ ಕಾಲ ಇದು. ನಿಮ್ಮ ಕೈ ಹೇಗೆ ಆಡುತ್ತದೆಂದು ಯಾರಾದರೂ ಹಿಡಿದುಕೊಳ್ಳಲು ಬಂದರೆ, ಅದು ಯಾತಕ್ಕೆ, ಎಷ್ಟು ದಿನಕ್ಕೆ, ಅದರಿಂದ ಹುಟ್ಟುವ ಲಾಭದಲ್ಲಿ ನಿಮಗೆ ಏನು ಎಂದು ಕೇಳಿ, ಸಂಘದವರಿಗೆ ತೋರಿಸಿ, ಆಮೇಲೆ ಸಹಿ ಹಾಕಿ. ಜುಲೈ ಬಿಸಿಲಿನಲ್ಲಿ ನೆರಳಿಲ್ಲದೆ ನಡೆದ ಆ ಎಕ್ಸ್‌ಟ್ರಾ ನಟರು ಕೇಳಿದ್ದೂ ಇಷ್ಟನ್ನೇ.

ಬರುವ ಶುಕ್ರವಾರವೂ ಹೊಸ ಚಿತ್ರಗಳು ಬರುತ್ತವೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ. ಆರು ದಿನ ದುಡಿದವನಿಗೆ ಎರಡೂವರೆ ತಾಸಿನ ಸಂತೋಷ ಹಕ್ಕಿನದೇ. ಚಿತ್ರ ಚೆನ್ನಾಗಿದ್ದರೆ ನಾಯಕನನ್ನು ಹೊಗಳಿ. ಜೊತೆಗೆ, ಅದನ್ನು ಮಾಡಿದವರಿಗೆ ಕೂಲಿ ಸಂದಿತೇ ಎಂದೂ ಒಂದು ಮಾತು ಕೇಳಿ.